ಐದು ಗಂಟೆಯ ನೀರಿನ ಹರಾಜು

ಟಿ. ದಾಸರಹಳ್ಳಿಯ ಕೃಷ್ಣಮ್ಮನವರ ವಠಾರದಲ್ಲಿ ಹನ್ನೆರಡು ಮನೆ, ಒಂದು ಬೋರ್‌ವೆಲ್ ಮತ್ತು ಒಂದು ನಲ್ಲಿ ಇದ್ದು, ಸದರಿ ನಲ್ಲಿಯ ಬೆಳಗಿನ ಐದು ಗಂಟೆಯ ಸರದಿಯನ್ನು ಆಟದ ನೋಟಿಗೆ ಹರಾಜು ಹಾಕುವುದು ಸರ್ವಸಮ್ಮತ ಪದ್ಧತಿಯಾಗಿದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆಶ್ಚರ್ಯಪಡುವವರು ಬೇರೆ ಕಡೆ ಮನೆ ನೋಡಿಕೊಳ್ಳಬಹುದು ಎಂದು ಗೇಟಿನ ಮೇಲೆ ಬೋರ್ಡೇ ಇದೆ. ಬೋರ್ಡು ಬರೆದವನು ನಾನು, ಏಳನೇ ಮನೆ ಶ್ಯಾಮಣ್ಣ, ಪೀಣ್ಯದ ಕಾರ್ಖಾನೆಯೊಂದರ ನಿವೃತ್ತ ಟೈಮ್ ಕೀಪರ್. ವಠಾರದ ಹರಾಜು ಕಾರ್ಯದರ್ಶಿ ಎಂಬ ಹುದ್ದೆಯೂ ನನಗಿದೆ. ಸಂಬಳವಿಲ್ಲ, ತಿಂಗಳಿಗೊಂದು ಡಬ್ಬಿ ಕೊಡುತ್ತಾರೆ.

ಶುರುವಾದದ್ದು ಹೀಗೆ. ಪ್ಲಾಸ್ಟಿಕ್ ಡಬ್ಬಿ ಮಾರುವ ಕಂಪನಿಯೊಂದರ ಏರಿಯಾ ಲೀಡರ್ ಮಾಲಾ ಮೇಡಂ ನಮ್ಮ ಓನರ್ ಕೃಷ್ಣಮ್ಮನವರಿಗೆ ‘ಡೈಮಂಡ್ ಹೋಸ್ಟೆಸ್’ ಎಂಬ ಬಿರುದು ದಯಪಾಲಿಸಿದರು. ಬಿರುದಿಗೆ ಪ್ರತಿಯಾಗಿ ಕೃಷ್ಣಮ್ಮನವರು ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಪಾರ್ಟಿ ಇಟ್ಟು ಬಾಡಿಗೆದಾರರಿಗೆ ಡಬ್ಬಿ ಮಾರಬೇಕು. ಪಾರ್ಟಿ ಎಂದರೆ ಅರ್ಧ ಲೋಟ ಕಾಫಿ, ಎರಡು ಬಿಸ್ಕತ್ತು, ಎರಡು ಗಂಟೆ ಭಾಷಣ. ಬರುವುದು ಬಿಡುವುದು ಅವರವರ ಇಷ್ಟ. ಬಾರದವರ ಮನೆಯ ಸೋರುವ ಛಾವಣಿ ಪರಿಶೀಲನೆಯಲ್ಲಿ ಉಳಿಯುತ್ತದೆ, ಅಷ್ಟೆ.

ಪಾರ್ಟಿಗೆ ಬಂದವರಿಗೆ ಗುಲಾಬಿ ಬಣ್ಣದ ಆಟದ ನೋಟು. ಸಮಯಕ್ಕೆ ಬಂದರೆ ಐನೂರು, ನೆಂಟರನ್ನು ಕರೆತಂದರೆ ಸಾವಿರ, ಮೇಡಂ ಡಬ್ಬಿಯ ಮುಚ್ಚಳ ತೆಗೆದಾಗ ‘ಅಬ್ಬಬ್ಬಾ’ ಎಂದರೆ ಇನ್ನೂರು. ನಿಜವಾದ ನೂರು ರೂಪಾಯಿ ಕೊಟ್ಟು ಡಬ್ಬಿ ಕೊಂಡರೆ ಆಟದ ಎರಡು ಸಾವಿರ. ಕೊನೆಯಲ್ಲಿ ಪೇಪರ್ ಸುತ್ತಿದ ಉಡುಗೊರೆಯೊಂದನ್ನು ಆ ನೋಟಿಗೇ ಹರಾಜು ಹಾಕುವರು. ಮೊದಲ ಮೂರು ತಿಂಗಳಲ್ಲಿ ಕ್ರಮವಾಗಿ ಟೀ ಸೋಸುವ ಜರಡಿ, ಸೋಪಿನ ಪೆಟ್ಟಿಗೆ ಮತ್ತು ಇನ್ನೊಂದು ಟೀ ಸೋಸುವ ಜರಡಿ ಹೊರಬಂದವು. ನಾಲ್ಕನೇ ತಿಂಗಳು ಜನ ಮೂಗು ಮುರಿದರು.

“ಜನಕ್ಕೆ ನಿಜವಾಗ್ಲೂ ಬೇಕಾಗಿರೋದನ್ನ ಹರಾಜಿಗಿಡಿ ಆಂಟಿ,” ಎಂದರು ಮಾಲಾ ಮೇಡಂ.

ಕೃಷ್ಣಮ್ಮನವರು ಅತ್ತಿತ್ತ ನೋಡಿದರು. ಕಣ್ಣು ಅಂಗಳದ ನಲ್ಲಿಯ ಮೇಲೆ ನಿಂತಿತು. “ಐದ್ ಗಂಟೆ ನೀರಿಗೆ ದಿನಾ ಕಿತ್ತಾಡ್ತಾರೆ. ಅದ್ನೇ ಒಂದೊಂದ್ ತಿಂಗ್ಳಿಗೆ ಹರಾಜ್ ಹಾಕ್ಬುಟ್ರೆ ಜಗಳಾನೇ ಇರಕ್ಕಿಲ್ಲ. ಇಂಗೇ ಮಾಡಾನ.”

ಐದಕ್ಕೆ ಮೋಟರ್ ಹಾಕಿದರೆ ಮನೆಗೆ ಇಪ್ಪತ್ತು ನಿಮಿಷದಂತೆ ಒಂಬತ್ತಕ್ಕೆ ಆರಿಸುತ್ತಾರೆ. ಆಮೇಲೆ ಮರುದಿನದವರೆಗೆ ಹನಿ ನೀರಿಲ್ಲ. ಮೊದಲ ಸರದಿ ನಿಜವಾಗಿ ಬೇಕಾಗಿದ್ದದ್ದು ಐದನೇ ಮನೆಯ ಮಹಾನಂದಾಗೆ. ಸಿಂದಗಿ ಕಡೆಯ ಹೆಂಗಸು, ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸ, ಐದೂ ಮುಕ್ಕಾಲಿಗೆ ಕಂಪನಿ ಬಸ್ಸು. ಗಂಡ ಸಿದ್ರಾಮ ಕಟ್ಟಡದ ಸಾರ್ವೆಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ಸಂಬಳದಲ್ಲಿ. ಅವಳ ಕಾರ್ಖಾನೆಯಲ್ಲಿ ಮೂರು ಸಲ ತಡವಾದರೆ ಗೇಟ್ ಪಾಸ್ ಕಿತ್ತುಕೊಳ್ಳುತ್ತಾರೆ.

ಮೊದಲ ಹರಾಜಿನಲ್ಲಿ ಮಹಾನಂದಾ ಎದ್ದು ನಿಂತು, “ನಂದು ಹದಿನೈದ್ನೂರ್ರಿ,” ಎಂದು ಇದ್ದಬದ್ದ ನೋಟನ್ನೆಲ್ಲ ತಟ್ಟೆಯಲ್ಲಿಟ್ಟು ಕೈಮುಗಿದಳು. ಎರಡನೇ ಮನೆ ಮರಿಯಮ್ಮ ಹದಿನಾರು ನೂರು ಎಂದು ಗೆದ್ದಳು. ಮರಿಯಮ್ಮ ಏಳುವುದೇ ಏಳು ಗಂಟೆಗೆ. ಆದರೆ ಗೆದ್ದವರ ಫೋಟೊ ಕಂಪನಿಯ ವಾಟ್ಸಾಪ್ ಗ್ರೂಪಿಗೆ ಹೋಗುತ್ತದಲ್ಲ!

“ತಗಳಮ್ಮಿ, ಸೋತೋರ್ ದುಡ್ಡು ವಾಪಸ್ಸು,” ಎಂದು ಕೃಷ್ಣಮ್ಮನವರು ನೋಟು ಚಾಚಿದರು.

“ಬ್ಯಾಡ್ರಿ ಅಕ್ಕಾರ. ನಮ್ಮೂರಾಗ ಗುಡಿ ಸವಾಲಿನ್ಯಾಗ ಒಮ್ಮೆ ಬಾಯಿಬಿಟ್ಟು ದೇವರ ಮುಂದ ಇಟ್ಟ ರೊಕ್ಕ ಹಿಂದಕ್ಕ ತಗೊಳ್ಳಂಗಿಲ್ರಿ. ಗೆದ್ರೂ ದೇವರದು, ಸೋತ್ರೂ ದೇವರದು.” ಹರಾಜನ್ನು ಅವರ ಕಡೆ ಸವಾಲು ಎನ್ನುತ್ತಾರೆ.

ಮಾಲಾ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. “ಎಂಥಾ ಒಳ್ಳೇ ಸಂಸ್ಕೃತಿ ಆಂಟಿ ಇದು! ರೂಲೇ ಮಾಡ್ಬಿಡಿ!”

ನಾನು ಬರೆದುಕೊಂಡೆ. ನಿಯಮ ಒಂಬತ್ತು: ಸೋತವರ ನೋಟನ್ನೂ ಹಿಂತಿರುಗಿಸತಕ್ಕದ್ದಲ್ಲ, ಇದು ಉತ್ತರ ಕರ್ನಾಟಕದ ಪುರಾತನ ಸಂಸ್ಕೃತಿಗೆ ಸಲ್ಲಿಸುವ ಗೌರವವಾಗಿರುತ್ತದೆ. ಇದರ ಫಲವಾಗಿ ಪ್ರತಿ ತಿಂಗಳ ಕೊನೆಗೆ ಎಲ್ಲರ ಕೈಯೂ ಬರಿದಾಯಿತು, ಮತ್ತೆ ಹರಾಜು ಕೂಗಬೇಕೆಂದರೆ ಮತ್ತೆ ಡಬ್ಬಿ ಕೊಳ್ಳಬೇಕಾಯಿತು. ಕೋಲು ಕೊಟ್ಟು ಹೊಡೆಸಿಕೊಂಡಳು ಪುಣ್ಯಾತ್ಗಿತ್ತಿ. ವಠಾರದವರೆಲ್ಲ ಮಹಾನಂದಾಳನ್ನು ಬಾಯಿಗೆ ಬಂದಂತೆ ಬೈದರು. ನಿಯಮ ಮಾಡಿದವರನ್ನು ಬೈದರೆ ನಲ್ಲಿ ನಿಲ್ಲುತ್ತದೆ ಎಂಬ ಬುದ್ಧಿ ಎಲ್ಲರಿಗೂ ಇತ್ತು.

ಆ ತಿಂಗಳು ಮಹಾನಂದಾ ಕೊಡ ಹಿಡಿದು ನಲ್ಲಿಯ ಹತ್ತಿರ ನಿಲ್ಲುತ್ತಿದ್ದಳು. ಸರದಿ ಮರಿಯಮ್ಮನದು, ಮರಿಯಮ್ಮ ನಿದ್ದೆಯಲ್ಲಿ. ಬೇರೆಯವರು ಮುಟ್ಟುವಂತಿಲ್ಲ. ಇಪ್ಪತ್ತು ನಿಮಿಷ ನೀರು ನೇರ ಮೋರಿಗೆ ಹರಿಯುತ್ತಿತ್ತು, ನಿಯಮಬದ್ಧವಾಗಿ. ಮುಂದಿನ ಸರದಿಯವರನ್ನು ಕಾಡಿ ಬೇಡಿ ನಾಲ್ಕು ಕೊಡ ತುಂಬಿಕೊಳ್ಳುವಷ್ಟರಲ್ಲಿ ಎರಡು ಸಲ ಬಸ್ಸು ಹೋಯಿತು. ಎರಡು ಸಲ ತಡ ಎಂದು ದಾಖಲಾಯಿತು.

ಮುಂದಿನ ಪಾರ್ಟಿಗೆ ಅವಳು ಸಂಬಳದಲ್ಲಿ ಆರು ಸಾವಿರ ತಂದು ಡಬ್ಬಿ ಕೊಳ್ಳಲು ಹೊರಟಳು. ನಾನು ಪಕ್ಕಕ್ಕೆ ಕರೆದೆ. “ಬೇಡಮ್ಮಾ, ಮನೇಲಿ ಡಬ್ಬಿಗೆ ತುಂಬೋಕೆ ಬೇಳೆ ಎಲ್ಲಿದೆ?”

“ಮತ್ತೇನ್ ಮಾಡ್ಲಿರಿ ಸರ? ಇನ್ನೊಂದ್ ಸಲ ತಡಾ ಆದ್ರ ಕೆಲಸಾನ ಹೋಗ್ತದ. ನೀರ್ ಸಿಕ್ರ ಸಾಕ್ರಿ.”

ಕಾರ್ಯದರ್ಶಿಯ ಕನಿಕರದ ಬಗ್ಗೆ ನಿಯಮಾವಳಿಯಲ್ಲಿ ಏನೂ ಇಲ್ಲವಾದ್ದರಿಂದ ಅವಳ ಆರು ಸಾವಿರಕ್ಕೆ ರಸೀದಿ ಬರೆದುಕೊಟ್ಟೆ. ಮಹಾನಂದಾ ಒಂದು ಲಕ್ಷದ ಇಪ್ಪತ್ತು ಸಾವಿರ ಆಟದ ರೂಪಾಯಿಗೆ ಐದು ಗಂಟೆಯ ನೀರನ್ನು ಗೆದ್ದಳು. ಮರಿಯಮ್ಮ ಮುಖ ಊದಿಸಿಕೊಂಡಳು. ಡಬ್ಬಿಗಳನ್ನು ಸಾಗಿಸಿದ ಮೇಲೆ ಐದನೇ ಮನೆಯಲ್ಲಿ ಸಿದ್ರಾಮನ ಪ್ಲಾಸ್ಟರ್ ಕಾಲು ಚಾಚಲು ಜಾಗವಿರಲಿಲ್ಲ.

ಸೋಮವಾರ ಐದಕ್ಕೆ ಸರಿಯಾಗಿ ಮಹಾನಂದಾ ಕೊಡಗಳ ಸಾಲು ಇಟ್ಟು ನಿಂತಳು. ಕೃಷ್ಣಮ್ಮನವರು ರೇಷ್ಮೆ ಸೀರೆಯಲ್ಲಿ ಹೊರಬಂದು ನಲ್ಲಿಗೆ ಕೆಂಪು ಟೇಪು ಕಟ್ಟಿದರು.

“ಅಕ್ಕಾರ, ಮೋಟರ್ ಹಾಕ್ರಿ.”

“ತಡಿಯಮ್ಮಿ, ಲಕ್ಷ ದಾಟಿದ್ ಹರಾಜು ಇದು! ಮಾಲಾ ಮೇಡಂ ಬಂದು ಫೋಟೊ ಇಡೀಬೇಕು. ಫೋಟೊ ಇಲ್ದೆ ನೀರ್ ಬುಡಂಗಿಲ್ಲ.”

“ಬಸ್ ಹೋಗ್ತದ್ರಿ!”

“ಬಸ್ಸು ದಿನಾ ಬತ್ತದೆ. ಇಂತಾ ಮರ್ವಾದೆ ದಿನಾ ಬತ್ತದಾ?”

ಮಾಲಾ ಮೇಡಂ ದೊಡ್ಡನೆಕ್ಕುಂದಿಯಿಂದ ಸ್ಕೂಟರಿನಲ್ಲಿ ಬರಬೇಕು. ಬಂದಾಗ ಐದೂ ಮೂವತ್ತೈದು. ಟೇಪು ಕತ್ತರಿಸಿ, ಮಹಿಳಾ ಸಬಲೀಕರಣದ ಬಗ್ಗೆ ಎರಡು ಮಾತಾಡಿ, ಕೊಡ ಹಿಡಿದ ಮಹಾನಂದಾಳನ್ನು ಮೂರು ಸಲ ನಗಿಸಿ ಫೋಟೊ ತೆಗೆದಾಗ ಐದೂ ಐವತ್ತು. ನೀರು ಧಾರಾಳವಾಗಿ ಬಂತು. ಬಸ್ಸು ಹೋಗಿತ್ತು. ಆವತ್ತೇ ಕಾರ್ಖಾನೆಯವರು ಅವಳ ಗೇಟ್ ಪಾಸ್ ಕಿತ್ತುಕೊಂಡರು.

ಸಂಜೆ ವಠಾರವೆಲ್ಲ ಅವಳ ಮನೆಗೆ ಹೋಗಿ ಅಭಿನಂದಿಸಿತು. ಫೋಟೊಗೆ ನಾನೂರು ಲೈಕು ಬಂದಿತ್ತು. “ಒಳ್ಳೇದೇ ಆಯ್ತು ಬುಡು,” ಎಂದರು ಕೃಷ್ಣಮ್ಮನವರು, “ಆ ಕೆಲ್ಸದಲ್ಲಿ ಏನ್ ಮರ್ವಾದೆ ಐತೆ? ಸ್ಟಾಕ್ ಎಂಗೂ ಮನೇಲೇ ಐತೆ, ನೀನೂ ಮಾರು.” ಮಾಲಾ ಮೇಡಂ ಅಲ್ಲೇ ಅವಳಿಗೆ ‘ಸಿಲ್ವರ್ ಹೋಸ್ಟೆಸ್’ ಬಿರುದು ಕೊಟ್ಟು, ಮುಂದಿನ ಹರಾಜು ಅವಳೇ ನಡೆಸತಕ್ಕದ್ದೆಂದು ಘೋಷಿಸಿದರು. ಮಹಾನಂದಾ ಯಾರ ಮುಖವನ್ನೂ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಕೊಟ್ಟ ಕಾಫಿ ಕುಡಿದೆ.

ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಹನುಮವ್ವ ಎಂಬ ಹೊಸಬಳು ಸೇರಿದಳು. ಯಾದಗಿರಿ ಕಡೆಯವಳು, ನಮ್ಮ ವಠಾರದ ಒಂಬತ್ತನೇ ಮನೆಗೇ ಬಾಡಿಗೆಗೆ ಬಂದಳು. ಎರಡನೇ ಭಾನುವಾರ ಐದನೇ ಮನೆಯಲ್ಲಿ ಪಾರ್ಟಿ. ಸಿದ್ರಾಮ ಮಂಚದ ಮೇಲಿಂದಲೇ ಬಿಸ್ಕತ್ತು ಹಂಚಿದ. ಮಹಾನಂದಾ ಸೆರಗು ಸರಿಮಾಡಿಕೊಂಡು, ಐದು ಗಂಟೆಯ ನೀರಿಗೆ ಸವಾಲು ಹತ್ತು ಸಾವಿರದಿಂದ ಶುರು ಎಂದು ಕೂಗಿದಳು.

ಹನುಮವ್ವ ಕೈಯಲ್ಲಿದ್ದ ಐನೂರರ ನೋಟು ಹಿಸುಕುತ್ತ ಎದ್ದಳು. “ಯಕ್ಕಾ, ಅಷ್ಟ್ ಎಲ್ಲಿಂದ ತರ್ಲಿ? ನಂಗ ಐದೂ ಮುಕ್ಕಾಲಿಗೆ ಬಸ್ ಐತಿ.”

“ಗೊತ್ತೈತವ್ವಾ,” ಎಂದಳು ಮಹಾನಂದಾ. “ಅದಕ್ಕ ಹತ್ತ್ ಸಾವಿರದಿಂದ ಶುರು ಮಾಡೀನಿ. ಡಬ್ಬಿ ಯಾವ ಬಣ್ಣದ್ದು ಕೊಡ್ಲಿ?”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.