ರನ್‌ವೇ ಮೇಲಿನ ಸಂಡಿಗೆ

ವಿಮಾನವನ್ನೇ ಹತ್ತದವನ ಕೈಗೆ ವಿಮಾನ ನಿಲ್ದಾಣ ಕೊಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಸಕ್ಕರೆ ಕಾಯಿಲೆಯವರು ಮಿಠಾಯಿ ಅಂಗಡಿ ಇಟ್ಟು ಬಾಳಿದ್ದಾರೆ. ಮದುವೆಯಾಗದವರು ವಧೂವರರ ಕೇಂದ್ರ ನಡೆಸಿ ನಾಲ್ಕು ಊರಿಗೆ ಬೇಕಾದವರಾಗಿದ್ದಾರೆ. ಅದೇ ಧೈರ್ಯದ ಮೇಲೆ, ಹೊಸಪೇಟೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾಗ ಊರಾಚೆಯ ಹಳೆಯ ವಿಮಾನಪಟ್ಟಿಯ ಉಸ್ತುವಾರಿಯನ್ನು ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದು ಜಂಬದ ಮಾತು. ರಸ್ತೆ, ಸೇತುವೆ, ಕಟ್ಟಡಗಳನ್ನೆಲ್ಲ ಜಾಣರು ಹಂಚಿಕೊಂಡ ಮೇಲೆ ಉಳಿದದ್ದು ಅದೊಂದೇ.

ಆ ಪಟ್ಟಿಗೆ ವಿಮಾನ ಬರದಿದ್ದರೂ ನಿರ್ವಹಣೆಯ ಅನುದಾನ ಮಾತ್ರ ವರ್ಷ ತಪ್ಪದೆ ಬರುತ್ತಿತ್ತು. ಬಂದ ಹಣದಲ್ಲಿ ಬಳ್ಳಾರಿ ಜಾಲಿ ಕಡಿಸುತ್ತಿದ್ದೆ, ಬಿರುಕುಗಳಿಗೆ ಡಾಂಬರು ತುಂಬಿಸುತ್ತಿದ್ದೆ, ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಸುತ್ತಿದ್ದೆ. ಸುಣ್ಣ ಒಣಗುವಷ್ಟರಲ್ಲಿ ಜಾಲಿ ಮತ್ತೆ ಚಿಗುರುತ್ತಿತ್ತು. ಹೀಗೆ ಜಾಲಿಗೂ ಇಲಾಖೆಗೂ ಒಂದು ಹೊಂದಾಣಿಕೆ ಬೆಳೆದಿತ್ತು. ಕಾವಲುಗಾರ ಹುಲುಗಪ್ಪ ಸುಗ್ಗಿಯಲ್ಲಿ ಅಕ್ಕಪಕ್ಕದ ರೈತರನ್ನು ಕರೆದು ಅಲ್ಲಿ ಭತ್ತ ಒಣಗಿಸಲು ಬಿಡುತ್ತಿದ್ದ. ನಾನು ಕೇಳಿದರೆ, "ಸಾಹೇಬ್ರ, ಸುಮ್ನ ಬಿದ್ದಿರೂ ಜಾಗ ಹಾಳಾಕ್ಕೈತ್ರಿ, ಬಳಸ್ಕೊಂತ ಇರಬೇಕು" ಎನ್ನುತ್ತಿದ್ದ. ನಿರ್ವಹಣೆಯ ಬಗ್ಗೆ ಇಲಾಖೆಯ ಪುಸ್ತಕ ಹೇಳುವುದೂ ಹೆಚ್ಚುಕಡಿಮೆ ಅದನ್ನೇ ಆದ್ದರಿಂದ ನಾನು ಸುಮ್ಮನಾಗುತ್ತಿದ್ದೆ.

ಅಷ್ಟರಲ್ಲಿ ಗಣಿಗಾರಿಕೆ ಕಾವೇರಿತು. ನಮ್ಮ ಗುಡ್ಡದ ಮಣ್ಣಿಗೆ ಚೀನಾದಲ್ಲಿ ಬೆಲೆ ಬಂತಂತೆ. ಸೈಕಲ್ ತುಳಿಯುತ್ತಿದ್ದವರು ಕಾರು ಕೊಂಡರು. ಕಾರಿದ್ದವರು ಆಕಾಶ ನೋಡತೊಡಗಿದರು. ಯಾರ ಬಾಯಲ್ಲಿ ನೋಡಿದರೂ ಹೆಲಿಕಾಪ್ಟರ್. ರಾಜ್ಯದ ವಿಮಾನ ನಿಲ್ದಾಣಗಳು ಹೀನಾಯ ಸ್ಥಿತಿಯಲ್ಲಿವೆ ಎಂಬುದು ಮೇಲಿನವರಿಗೂ ಒಮ್ಮೆಲೇ ಹೊಳೆದು, ನನ್ನ ಪಟ್ಟಿಗೆ ಅಭಿವೃದ್ಧಿ ಅನುದಾನ ಬಿಡುಗಡೆಯಾಯಿತು. ಹೊಸ ಡಾಂಬರು, ಸುತ್ತ ತಂತಿಬೇಲಿ, ಹೆಲಿಕಾಪ್ಟರ್ ಇಳಿಯಲು ದೊಡ್ಡದೊಂದು ಬಿಳಿ ವೃತ್ತ. ಕೆಲಸ ಮುಗಿದ ದಿನ ಹೆಂಡತಿ ಗೌರಮ್ಮನನ್ನು ಸ್ಕೂಟರಿನಲ್ಲಿ ಕರೆದೊಯ್ದು ತೋರಿಸಿದೆ. ಅವಳು ಅಂಗೈಯಿಂದ ನೆಲ ಸವರಿ ನೋಡಿದಳು. "ಅಲ್ರೀ, ಒಬ್ಬರೂ ಓಡಾಡದಲ್ಲಿ ಇಷ್ಟು ಚಂದ ಡಾಂಬರ್ ಹಾಕ್ಸೀರಿ. ನಮ್ಮನಿ ಮುಂದ ಹಗಲೂ ರಾತ್ರಿ ಲಾರಿ ಅಡ್ಡಾಡ್ತಾವು, ಅಲ್ಲೇ ಒಂದು ಬುಟ್ಟಿ ಜಲ್ಲಿ ಹಾಕ್ಸಂಗಿಲ್ಲಲ್ಲ?" ಎಂದಳು. ಆ ಹಣ ಬೇರೆ, ಈ ಹಣ ಬೇರೆ, ಅದನ್ನು ಇದಕ್ಕೆ ಬಳಸುವಂತಿಲ್ಲ ಎಂದು ವಿವರಿಸಿದೆ. ಸರ್ಕಾರಿ ನೌಕರನ ಹೆಂಡತಿಯಾಗಿ ಇಂಥ ವಿವರಣೆಗಳಿಗೆ ಅವಳು ಒಗ್ಗಿಹೋಗಿದ್ದಳು.

ಆ ವರ್ಷವೇ ಮಗಳ ಮದುವೆ ನಿಶ್ಚಯವಾಗಿತ್ತು, ಸಂಡೂರಿನ ಕಡೆಗೆ. ಬೀಗರ ಮನೆತನದಲ್ಲಿ ಒಂದು ಪದ್ಧತಿ. ಮದುವೆಯಡುಗೆಗೆ ಒಲೆ ಹೊತ್ತಿಸಿದಾಗ ಮೊದಲು ಎಣ್ಣೆಗೆ ಬೀಳಬೇಕಾದದ್ದು ಹೆಣ್ಣಿನ ಕಡೆಯವರು ತಂದ ಸಂಡಿಗೆ. ಸುತ್ತ ಹೆಂಗಸರು ನಿಂತು ನೋಡುತ್ತಾರೆ. ಅದು ಬೆಳ್ಳಗೆ ಅರಳಿದರೆ ಹೆಣ್ಣಿನ ತಾಯಿ ಗೆದ್ದಳು. ಗೌರಮ್ಮ ತವರೂರು ಕಂಪ್ಲಿಯಿಂದ ಅಕ್ಕಿ ತರಿಸಿ, ಅರೆದು, ಕಾಸಿ, ಮಾಳಿಗೆಯ ಮೇಲೆ ಸಂಡಿಗೆ ಇಟ್ಟಳು. ಸಂಜೆ ಹೋಗಿ ನೋಡಿದರೆ ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು. ಮರುದಿನ ಮೇಲೊಂದು ಪಂಚೆ ಮುಚ್ಚಿದಳು. ಪಂಚೆಯೂ ಕೆಂಪಾಯಿತು, ಕೆಳಗಿನ ಸಂಡಿಗೆಯೂ ಕೆಂಪಾಯಿತು. ಬೀಗರದೂ ಅದಿರು ಸಾಗಿಸುವ ಲಾರಿಗಳಿವೆ, ಇದರಲ್ಲಿ ಅರ್ಧ ಧೂಳು ಅವರದೇ ಇದ್ದೀತು ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿ ಸಂಕಟವಾಯಿತು. ಮಗಳನ್ನು ಕಳಿಸಿಕೊಡುವ ತಾಯಿಯ ದುಃಖವೆಲ್ಲ ಆ ಸಂಡಿಗೆಯ ಮೇಲೆ ಬಂದು ನಿಂತಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು. "ನಿಮ್ಮ ಪಟ್ಟಿಗೆ ವಿಮಾನ ಬರೂದಿಲ್ಲ ಅಂತೀರಿ. ಬಿಸಿಲು ಬರತೈತಿಲ್ಲೋ?" ಸರ್ಕಾರಿ ಆಸ್ತಿ, ನಿಯಮ, ನೌಕರಿ ಎಂದು ನಾನು ಏನೇನೋ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಹುಲುಗಪ್ಪಗ ನಾ ಹೇಳೀನಿ, ಬುಧವಾರ ಬರ್ರಿ ಅಂದಾನ" ಎಂದಳು. ಆ ಪಟ್ಟಿಯ ನಿಜವಾದ ಅಧಿಕಾರಿ ಯಾರೆಂದು ನನಗೆ ಅಂದು ತಿಳಿಯಿತು.

ಬುಧವಾರ ಬೆಳಿಗ್ಗೆ ಓಣಿಯ ಹೆಂಗಸರು ಟೆಂಪೋದಲ್ಲಿ ಹಿಟ್ಟಿನ ಪಾತ್ರೆಗಳೊಂದಿಗೆ ಇಳಿದರು. ಎಲ್ಲಕ್ಕಿಂತ ಶುಚಿಯಾದ ಜಾಗವೆಂದು ಹುಲುಗಪ್ಪ ಅವರಿಗೆ ಬಿಳಿ ವೃತ್ತವನ್ನೇ ತೋರಿಸಿದ. ಪಂಚೆ, ಸೀರೆಗಳನ್ನು ಹಾಸಿ, ಹಾಡು ಹೇಳುತ್ತ ಸಂಡಿಗೆ ಇಟ್ಟರು. ಧೂಳಿಲ್ಲ, ಲಾರಿಯಿಲ್ಲ, ಬೇಲಿಯಿರುವುದರಿಂದ ಆಡಿನ ಕಾಟವೂ ಇಲ್ಲ. ಬಿಸಿಲಿಗೆ ಸಂಡಿಗೆ ಮಲ್ಲಿಗೆಯ ಹಾಗೆ ಬೆಳ್ಳಗೆ ಒಣಗತೊಡಗಿತು. ಸಾರ್ವಜನಿಕ ಹಣ ಇಷ್ಟು ಸಾರ್ಥಕವಾದದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ. ಗೌರಮ್ಮ ಬಹಳ ದಿನಗಳ ಮೇಲೆ ನನ್ನ ಕಡೆ ನೋಡಿ ನಕ್ಕಳು.

ಆಗ ಮೇಲಧಿಕಾರಿಗಳ ಫೋನು ಬಂತು. ಗಣಿ ಮಾಲೀಕರೊಬ್ಬರ ಅತಿಥಿಗಳು ಹಂಪಿ ನೋಡಲು ನಾಳೆ ಬರುವವರು ಇವತ್ತೇ ಹೊರಟಿದ್ದಾರೆ, ಪಟ್ಟಿ ಸಿದ್ಧವಿರಲಿ ಎಂದರು. ಫೋನು ಇಡುವ ಮೊದಲೇ ಆಕಾಶದಲ್ಲಿ ಪಟಪಟ ಸದ್ದು. ಹುಲುಗಪ್ಪ ಕೆಂಪು ಬಾವುಟ ಹಿಡಿದು ವೃತ್ತದ ನಡುವೆ ನಿಂತುಬಿಟ್ಟ. ಪೈಲಟ್ ಸಭ್ಯ ಮನುಷ್ಯನಿರಬೇಕು. ಹೆಂಗಸರನ್ನೂ ಸಂಡಿಗೆಯನ್ನೂ ಕಂಡು, ತೊಂದರೆ ಕೊಡಬಾರದೆಂದು, ಡಾಂಬರು ಬಿಟ್ಟು ದೂರದ ಬರೀ ಮಣ್ಣಿನ ಮೇಲೆ ಇಳಿಸಿದ. ಕೆಡುಕಾದದ್ದೇ ಆ ಸಭ್ಯತೆಯಿಂದ. ರೆಕ್ಕೆಯ ಗಾಳಿಗೆ ನೆಲದ ಕೆಂಪು ಮಣ್ಣೆಲ್ಲ ಮೇಲೆದ್ದಿತು. ಹಾಸಿದ ಸೀರೆಗಳು ಹಾರದಂತೆ ಹೆಂಗಸರು ಅಂಚುಗಳ ಮೇಲೆ ಗಟ್ಟಿಯಾಗಿ ಕುಳಿತರು. ಸೀರೆ ಹಾರಲಿಲ್ಲ, ಸಂಡಿಗೆಯೂ ಹಾರಲಿಲ್ಲ. ಧೂಳು ಇಳಿದಾಗ ಮಾತ್ರ ಹೆಂಗಸರು, ಸಂಡಿಗೆ, ಹುಲುಗಪ್ಪ, ನಾನು ಎಲ್ಲ ಒಂದೇ ಬಣ್ಣ. ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದು ಕಾರು ಹತ್ತಿ ಹೋದರು. ಮೇಲಧಿಕಾರಿಗಳು ಮತ್ತೆ ಫೋನು ಮಾಡಿ, "ಏನ್ರಿ, ರನ್‌ವೇ ಉಪಯೋಗ ಆಯ್ತಾ?" ಎಂದರು. "ಪೂರ್ತಿ ಆಯ್ತು ಸಾರ್" ಎಂದೆ.

ಮತ್ತೊಮ್ಮೆ ಇಡಲು ದಿನವಿರಲಿಲ್ಲ. ಗೌರಮ್ಮ ಎರಡು ದಿನ ಯೋಚಿಸಿದಳು. ಆಮೇಲೆ, ಒಲೆಯ ಮುಂದೆ ಮಾನ ಹೋಗುವುದಕ್ಕಿಂತ ಮೊದಲೇ ಹೇಳಿಬಿಡುವುದು ಲೇಸೆಂದು ಬೀಗಿತ್ತಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಎಲ್ಲ ಕೇಳಿಸಿಕೊಂಡು ಬೀಗಿತ್ತಿ, "ಖರೇನ ಹೆಲಿಕಾಪ್ಟರ್ ಬಂದಿತ್ತೇನ್ರಿ ಅಕ್ಕಾರ?" ಎಂದರಂತೆ. ಹೌದು ಎಂದಳು ಇವಳು. "ಹಂಗಾದ್ರ ಹೆಂಗೈತೋ ಹಂಗ ತರ್ರಿ. ಮತ್ತೊಂದು ಮಾಡಾಕ ಹೋಗಬ್ಯಾಡ್ರಿ."

ಮದುವೆಯ ದಿನ ಸಂಡಿಗೆ ಎಣ್ಣೆಗೆ ಬಿತ್ತು. ಇಟ್ಟಿಗೆಯ ಬಣ್ಣದಲ್ಲಿ ಅರಳಿತು. ನೆರೆದ ಹೆಂಗಸರು ಮುಖ ಮುಖ ನೋಡಿಕೊಳ್ಳುವ ಮೊದಲೇ ಬೀಗಿತ್ತಿ ಒಂದನ್ನು ಮೇಲೆತ್ತಿ ಹಿಡಿದು, "ಇದು ಹೆಲಿಕಾಪ್ಟರ್ ಗಾಳಿಗೆ ಒಣಗಿದ್ದು. ನಮ್ಮ ಬೀಗರು ವಿಮಾನದ ಸಾಹೇಬ್ರು" ಎಂದರು. ಬಿಳಿ ಸಂಡಿಗೆ ಯಾರ ಮನೆಯಲ್ಲೂ ಸಿಕ್ಕೀತು, ಇದು ಎಲ್ಲಿ ಸಿಗಬೇಕು! ಪಂಕ್ತಿಯಲ್ಲಿ ಅದಕ್ಕೆ ನೂಕುನುಗ್ಗಲು. ಪ್ರಸಾದದ ಹಾಗೆ ಮುರಿದು ಮುರಿದು ಹಂಚಿಕೊಂಡರು. ಗೌರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು. ರುಮಾಲು ಸರಿಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದರು. "ಸಾಹೇಬ್ರ, ಮೊಮ್ಮಗಂದು ಮದುವಿ ಐತ್ರಿ. ನಿಮ್ಮ ಹೆಲಿಕಾಪ್ಟರ್ ಒಂದು ತಾಸು ಸಿಗತೈತೇನು?" ನಿಜ ಹೇಳಬಹುದಿತ್ತು. ಆದರೆ ಜಾಲಿ ಕಡಿಸಿದ್ದಕ್ಕೆ, ಸುಣ್ಣ ಬಳಿಸಿದ್ದಕ್ಕೆ ಇಷ್ಟು ವರ್ಷ ಯಾರೂ ನನ್ನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲ. "ನೋಡೂಣ್ರಿ" ಎಂದೆ ಗಂಭೀರವಾಗಿ. ಎದುರಿನ ಪಂಕ್ತಿಯಿಂದ ಗೌರಮ್ಮ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವಳ ನೋಟ ತಪ್ಪಿಸಲು ನಾನು ಮೆಲ್ಲನೆ ಪೆಂಡಾಲಿನ ಸಂದಿಯಿಂದ ಆಕಾಶದ ಕಡೆ ಕತ್ತೆತ್ತಿದೆ. ಬರುತ್ತಿದೆಯೇನೋ ಎಂದು ಆ ಹಿರಿಯರೂ ನನ್ನ ಜೊತೆ ಕತ್ತೆತ್ತಿದರು.