ತಳ ತೂತು, ಗಡ್ಡ ಅರ್ಧ

"ಕಾಣಿಸ್ತಿದೀಯ ಕಣೋ. ನಿನ್ನ ಮೂಗು, ಮೂಗಿಗಂಟಿದ ಸೋಪು, ಎಲ್ಲಾ ಕ್ಲಿಯರಾಗಿ ಕಾಣಿಸ್ತಿದೆ."

ಅಕ್ಕ ಬೋಗುಣಿನ ಮುಖದ ಮುಂದೆ ಹಿಡ್ಕೊಂಡು, ಅದರ ತಳದಲ್ಲಾದ ತೂತಿನಿಂದ ತಮ್ಮನನ್ನ ನೋಡ್ತಿದ್ಳು. ಅವಳು ಮಣ್ಣಿನ ಪಾತ್ರೆ ಮಾಡೋಳು. ಅವನದ್ದು ಗೋಡೆ ಆಚೆ ಸಲೂನು. ಅಕ್ಕ ಕೂಗಿದ ರಭಸಕ್ಕೆ ಯಾರೋ ಸತ್ತೇ ಹೋದ್ರು ಅಂದ್ಕೊಂಡು, ರೇಜರ್ ಹಿಡ್ಕೊಂಡೇ ಓಡಿ ಬಂದಿದ್ದ.

ಅಕ್ಕ: ಹರಿತ ಮಾಡು ಅಂತ ನಿಂಗೆ ಹೇಳಿದ್ಯಾರು?

ತಮ್ಮ: ನಿನ್ನ ಕೆಸರು ಬಕೆಟ್ಟಲ್ಲಿ ಬೆಳೆದ ತುಕ್ಕು ಹೇಳ್ತು.

ವಿಷಯ ಇಷ್ಟೇ. ಅರೆ ಒಣಗಿದ ಪಾತ್ರೆನ ಬೋರಲು ಹಾಕಿ ತಳ ಹೆರೆಯೋಕೆ ಅಕ್ಕನ ಹತ್ರ ಒಂದಷ್ಟು ಟೂಲ್ಸ್ ಇದ್ವು, ಮರದ ಹಿಡಿ, ತುದಿಗೆ ಬಾಗಿಸಿದ ಉಕ್ಕಿನ ಪಟ್ಟಿ. ಕೆಲಸ ಆದ್ಮೇಲೆ ಒರೆಸೋದು ಗಿರೆಸೋದು ಅವಳ ಜಾಯಮಾನದಲ್ಲೇ ಇಲ್ಲ, ಕೆಸರು ಬಕೆಟ್ಟಿಗೆ ಎಸೆದು ಮಲಗೋಳು. ನಿನ್ನೆ ತಮ್ಮನಿಗೆ ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕಿತ್ತು. ಅಷ್ಟನ್ನೂ ತೊಳೆದು, ತನ್ನ ಕಲ್ಲಿನ ಮೇಲೆ ಮಸೆದು, ಎಣ್ಣೆ ಸವರಿ, ಟವೆಲ್ ಮೇಲೆ ಸಾಲಾಗಿ ಮಲಗಿಸಿ ಹೋಗಿದ್ದ. ಬೆಳಿಗ್ಗೆ ಅಕ್ಕ ಎಂದಿನಂತೆ ಮೈಭಾರ ಹಾಕಿ ಒತ್ತಿದ್ಳು. ಮೊದಲನೇ ಬೋಗುಣಿ ತೂತು. ಮಣ್ಣು ಸರಿಯಿಲ್ಲ ಅಂದ್ಕೊಂಡು ಎರಡನೇದಕ್ಕೂ ಒತ್ತಿದ್ಳು.

ಅಕ್ಕ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನೀನೇ.

ತಮ್ಮ: ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ. ಒತ್ತಿದ ಕೈ ಯಾರದು?

ಅಕ್ಕ: ಒತ್ತದೆ ಮಣ್ಣು ಬರುತ್ತೇನೋ?

ತಮ್ಮ: ಮೊಂಡಾಗಿದ್ರೆ ಒತ್ಬೇಕು. ಹರಿತ ಇದ್ರೆ ತಾಗಿಸಿದ್ರೆ ಸಾಕು. ನಿನ್ ಥರ ನಾನೂ ಒತ್ತಿದ್ರೆ, ಒಬ್ಬ ಗಿರಾಕಿನೂ ನನ್ನ ಅಂಗಡಿಗೆ ಎರಡನೇ ಸಲ ಬರ್ತಿರ್ಲಿಲ್ಲ.

ಅಕ್ಕನಿಗೆ ನಗು ಬಂತು, ನುಂಗಿದ್ಳು. ನಗೋ ಹೊತ್ತಾ ಇದು? ಜೀವಮಾನದಲ್ಲಿ ಮೊದಲ ಸಲ ಎಕ್ಸಿಬಿಷನ್‌ನೋರು ಅವಳ ಕೆಲಸ ಕೇಳಿದ್ರು. ಕೇಳಿದ್ದು ಒಂದೇ ಬೋಗುಣಿ, ಯಾವುದಕ್ಕೂ ಇರಲಿ ಅಂತ ಮೂರು ಮಾಡಿದ್ಳು. ಆ ಮೂರನೇದು ತಿಗರಿ ಚಕ್ರದ ಮೇಲೆ ಬೋರಲು ಮಲಗಿ ಕಾಯ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಹದ ಮೀರಿ ಕಲ್ಲಾಗೋದು. ಹಳೇ ಮೊಂಡ ಟೂಲ್ ಯಾವುದಾದ್ರೂ ಉಳಿದಿದೆಯಾ ಅಂತ ಕೇಳಿದ್ಳು. ಕಿಟಕಿ ಹಿಂದೆ ಬಚ್ಚಿಟ್ಟಿದ್ದನ್ನೂ ಹುಡುಕಿ ಮಸೆದೆ ಅಂತ ತಮ್ಮ ಹೆಮ್ಮೆಯಿಂದ ಹೇಳಿದ.

ತಮ್ಮ: ಮುಷ್ಟಿ ಬಿಡು. ಮೂರು ಬೆರಳು ಸಾಕು. ಮಲಗಿರೋ ಮಗು ಕೆನ್ನೆ ಅಂದ್ಕೋ.

ಅಕ್ಕ: ಸರಿ, ನೀನು ಸುಮ್ನೆ ನಿಂತ್ಕೋಬೇಡ. ನಾನು ತಿಗರಿ ನಿಲ್ಲಿಸಿದಾಗೆಲ್ಲ ತಳಕ್ಕೆ ಬೆರಳಲ್ಲಿ ತಟ್ಟಿ ಕೇಳು. ದಬ್ ಅಂದ್ರೆ ಇನ್ನೂ ದಪ್ಪ ಇದೆ. ಸದ್ದು ತೆಳ್ಳಗಾಯ್ತಾ, ಸಾಕು ಅನ್ನು.

ತಿಗರಿ ತಿರುಗ್ತು. ಅಕ್ಕ ಮೂರೇ ಬೆರಳಲ್ಲಿ ಸುಮ್ನೆ ತಾಗಿಸಿದ್ಳು, ಅಷ್ಟೇ. ಮಣ್ಣು ರಿಬ್ಬನ್ ಥರ ಸುರುಳಿ ಸುರುಳಿಯಾಗಿ ಎದ್ದು ಬಂದು ಅವಳ ಮೊಣಕೈಗೆ ಸುತ್ಕೊಳ್ತು. ಇಷ್ಟು ವರ್ಷ ಕುಸ್ತಿ ಆಡಿದ್ದು ಮಣ್ಣಿನ ಜೊತೆ ಅಲ್ಲ, ತುಕ್ಕಿನ ಜೊತೆ ಅಂತ ಆಗ ಹೊಳೀತು. ಬಾಯ್ಬಿಟ್ಟು ಹೇಳ್ಲಿಲ್ಲ ಅನ್ನಿ. ತಮ್ಮ ತಟ್ಟಿದ, ಕಿವಿಯಿಟ್ಟ. ದಬ್. ಮತ್ತೆ ತಟ್ಟಿದ. ದಬ್. ಆಮೇಲೆ ಕಣ್ಣು ಮುಚ್ಕೊಂಡು, ಸಂಗೀತ ಕಛೇರಿಲಿ ಕೂತೋನ ಹಾಗೆ ತಲೆ ಆಡಿಸಿ, "ಸಾಕು" ಅಂದ.

ಬೋಗುಣಿ ಎತ್ತಿದ್ರೆ ಹೂವಿನಷ್ಟು ಹಗುರ, ತಳ ಗಟ್ಟಿ. ಅಕ್ಕ ಕೆಸರುಗೈಯಲ್ಲೇ ಅವನ ತಲೆಗೊಂದು ಮೊಟಕಿದ್ಳು. ಆ ಮನೇಲಿ ಥ್ಯಾಂಕ್ಸ್ ಹೇಳೋದು ಹಾಗೇನೇ.

ಆಗ ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ಕಾಣಿಸ್ಕೊಂಡ್ರು. ಕೊರಳಿಗೆ ಸಲೂನಿನ ಬಟ್ಟೆ, ಒಂದು ಕೆನ್ನೆ ನುಣುಪು, ಇನ್ನೊಂದರ ಮೇಲೆ ಒಣಗಿ ಬಿರುಕು ಬಿಟ್ಟ ನೊರೆ.

ಮೇಷ್ಟ್ರು: ಪಾಠ ಮುಗೀತಾ? ನಿಮ್ಮ ಗೋಡೆ ಆ ಬೋಗುಣಿಗಿಂತ ತೆಳ್ಳಗಿದೆ, ಎಲ್ಲಾ ಕೇಳಿಸ್ತು.

ತಮ್ಮ ನಾಲಿಗೆ ಕಚ್ಕೊಂಡು, ಅವರನ್ನ ಅಲ್ಲೇ ಅಕ್ಕನ ಸ್ಟೂಲಿನ ಮೇಲೆ ಕೂರಿಸಿ ರೇಜರ್ ಎತ್ತಿದ. ಆದ್ರೆ ಕೈ ಇನ್ನೂ ಮಣ್ಣಿನ ಗುಂಗಲ್ಲೇ ಇತ್ತು. ಮೇಷ್ಟ್ರ ಕೆನ್ನೆಗೆ ಬೆರಳಲ್ಲಿ ತಟ್ಟಿ, ಕಿವಿನ ಹತ್ರ ತಂದು, ಭಾರೀ ಯೋಚನೆ ಮಾಡಿ ಅಂದ:

"ಅಕ್ಕಾ, ಇನ್ನೂ ಸ್ವಲ್ಪ ಹೆರೀಬಹುದು."

ಮೇಷ್ಟ್ರು ಅಲುಗಾಡಲಿಲ್ಲ. ಕಣ್ಣು ಮಾತ್ರ ಅಕ್ಕನ ಕಡೆ ತಿರುಗಿಸಿ ಮೆಲ್ಲಗೆ ಕೇಳಿದ್ರು:

"ಅಮ್ಮಾ, ಆ ಬಕೆಟ್ಟು ಎಲ್ಲಿದೆ? ಇವನ ರೇಜರನ್ನೂ ಒಂದೆರಡು ದಿನ ನೆನೆಹಾಕೋಣ."