ಇದು ಯಾರ ಕಣ್ಣು?

ಕಾದಂಬರಿ ಬರೆಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಬರೆದದ್ದನ್ನು ತಿದ್ದುವಾಗ ಸುತ್ತಲಿನವರು ಮಾಡುವ ಸಹಾಯದ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ನಾನು ಒಂದು ವರ್ಷ ತಿದ್ದಿದೆ. ಆ ವರ್ಷವಿಡೀ ಇಂಥ ಪ್ರಸಂಗಗಳು ಆಗುತ್ತಲೇ ಇದ್ದವು. ಕೆಲವನ್ನು ಮಾತ್ರ ಹೇಳುತ್ತೇನೆ. ಎಲ್ಲ ಹೇಳುವಷ್ಟು ತ್ರಾಣವಿಲ್ಲ.

ಕೆಂಪು ಶಾಯಿ

ಕೋಲಾರದ ನನ್ನ ಪ್ರಕಾಶಕರು ನಿವೃತ್ತ ಹೆಡ್‌ಮಾಸ್ಟರು. ನಾನು ಏಳು ವರ್ಷ ಕೂತು ಬರೆದ ಹಸ್ತಪ್ರತಿಯನ್ನು ವಾಪಸು ಕೊಟ್ಟರು. ಪುಟಪುಟದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಇದು ಯಾರ ಕಣ್ಣು?

"ಕತೆ ನಡೀತಿರೋದು ಡೇರಿ ಕಾರ್ಯದರ್ಶಿ ಕಣ್ಣಲ್ಲಿ. ಅವನು ವಕ್ಕಲೇರಿ ಡೇರಿ ಮುಂದೆ ಹಾಲು ಅಳೀತಾ ನಿಂತಿದಾನೆ. ಮನೇಲಿ ಹೆಂಡ್ತಿ ಮನಸ್ಸಲ್ಲಿ ಏನಿದೆ ಅಂತ ಅವನಿಗೆ ಹೆಂಗ್ರೀ ಗೊತ್ತಾಯ್ತು?"

"ಹೆಂಡತಿ ಅಲ್ವಾ ಸಾರ್, ಗೊತ್ತಿರುತ್ತೆ."

ಅವರು ಕನ್ನಡಕ ತೆಗೆದರು. "ನಿಮಗೆ ಮದುವೆ ಆಗಿ ಎಷ್ಟು ವರ್ಷ?"

"ಇಪ್ಪತ್ತಾರು."

"ನಿಮಗೆ ಗೊತ್ತಾ?"

ನಾನು ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡೆ.

"ಎಲ್ಲಾನೂ ಒಂದೇ ಕಣ್ಣಿಗೆ ತನ್ನಿ, ಅಚ್ಚು ಹಾಕ್ತೀನಿ. ಇಲ್ಲಾಂದ್ರೆ ಇದು ನಿಮ್ಮ ಬೀರುವಲ್ಲೇ ಇರಲಿ."

ನಮ್ಮ ಬೀರುವಿನಲ್ಲಿ ಜಾಗವಿಲ್ಲ. ತಿದ್ದಲು ಕೂತೆ.

ಟವೆಲ್ಲಿನ ಅಡಿ

ಕಾದಂಬರಿಯ ನಾಯಕನಾದ ಆ ಕಾರ್ಯದರ್ಶಿ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗುವ ಅಧ್ಯಾಯವಿದೆ. ಅಲ್ಲಿ ದಲ್ಲಾಳಿಯೂ ವ್ಯಾಪಾರಿಯೂ ಟವೆಲ್ಲಿನ ಅಡಿ ಒಬ್ಬರ ಬೆರಳು ಒಬ್ಬರು ಹಿಡಿದು ದರ ಕುದುರಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯಬಾರದು. ನಾನು ದರವನ್ನೂ ಬರೆದಿದ್ದೆ, ಇಬ್ಬರ ಮನಸ್ಸಿನ ಲೆಕ್ಕಾಚಾರವನ್ನೂ ಬರೆದಿದ್ದೆ.

ಪಕ್ಕದಲ್ಲಿ ನಿಂತವನಿಗೆ ಎಷ್ಟು ಕಾಣುತ್ತದೆ ಎಂದು ಕೇಳಲು ಒಬ್ಬ ಹಳೆಯ ದಲ್ಲಾಳಿಯ ಹತ್ತಿರ ಹೋಗಿ ಆ ಪುಟ ಓದಿದೆ. ಅವರು ಪೂರ್ತಿ ಕೇಳಿ, ಬಾಗಿಲ ಕಡೆ ನೋಡಿ, ದನಿ ಇಳಿಸಿದರು.

"ಇದು ನಿಮಗೆ ಹೇಳಿದ್ದು ಯಾರು ಸಾಮಿ?"

"ಯಾರೂ ಇಲ್ಲ. ನಾನೇ ಕಲ್ಪಿಸಿದ್ದು."

"ನಮ್ಮೋರಲ್ಲೇ ಯಾರೋ ಬಾಯಿ ಬಿಟ್ಟವ್ರೆ. ಹೆಸರು ಹೇಳಿ, ನಿಮ್ಮ ಸುದ್ದಿ ಎತ್ತಲ್ಲ."

ಇನ್ನೂ ಮೂವರು ದಲ್ಲಾಳಿಗಳು ಬಂದರು. ಟೀ ಬಂತು. ಅರ್ಧ ಗಂಟೆ ವಿಚಾರಣೆ ನಡೆಯಿತು. ಈಗ ನಾನು ಮಂಡಿಯೊಳಗೆ ಕಾಲಿಟ್ಟರೆ ಟವೆಲ್ಲಿನ ಮೇಲೆ ಇನ್ನೊಂದು ಟವೆಲ್ ಹೊದಿಸುತ್ತಾರೆ.

ಮಾಸ್ತಿ ಬಸ್ಸು

ಮಾಸ್ತಿಯಿಂದ ಮಾಲೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಹೆಂಗಸು ತನ್ನ ಗೆಳತಿಗೆ ಹೇಳುತ್ತಿದ್ದಳು: "ನಮ್ಮ ವಾರಗಿತ್ತಿ ರಾಗಿ ಬೀಸಿಸ್ಕೊಂಡು ಬರ್ತೀನಿ ಅಂತ ಹೋದ್ಲು. ಹೋಗ್ತಾ ಮನಸ್ಸಲ್ಲಿ ಅಂದ್ಕೊಂಡ್ಲು, ಹಾಲು ಕರೆಯೋಕೆ ಇವಳೊಬ್ಳೇ ಸಾಯ್ಲಿ ಅಂತ. ನಮ್ಮತ್ತೆ ಏನಂದ್ಕೊಂಡ್ಲು, ಇಬ್ರೂ ಹಾಳಾಗೋಗ್ಲಿ, ನನಗೆ ಹೊತ್ತಿಗೆ ಮುದ್ದೆ ಸಿಕ್ಕಿದ್ರೆ ಸಾಕು ಅಂತ."

ಒಂದೇ ಉಸಿರಿನಲ್ಲಿ ಇಬ್ಬರ ಮನಸ್ಸಿನೊಳಗೆ ಹೊಕ್ಕು ಬಂದಿದ್ದಳು. ಕೆಂಪು ಶಾಯಿಯ ಅಭ್ಯಾಸ, ಸುಮ್ಮನಿರಲಾಗಲಿಲ್ಲ.

"ಅವರು ಮನಸ್ಸಲ್ಲಿ ಅಂದ್ಕೊಂಡಿದ್ದು ನಿಮಗೆ ಹೆಂಗಮ್ಮ ಗೊತ್ತಾಯ್ತು?"

"ಮುಖ ನೋಡಿದ್ರೆ ಗೊತ್ತಾಗಲ್ವಾ ಅಣ್ಣಾ?" ಎಂದಳು. ಆಮೇಲೆ ಗೆಳತಿಯ ಕಡೆ ತಿರುಗಿ, "ಈಯಪ್ಪ ಈಗ ಮನಸ್ಸಲ್ಲಿ ಅಂದ್ಕೋತಾವ್ನೆ, ಈ ಹೆಂಗಸ್ರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ ಅಂತ."

ನಿಜ ಹೇಳಬೇಕೆಂದರೆ, ಅದನ್ನೇ ಅಂದುಕೊಳ್ಳುತ್ತಿದ್ದೆ.

ಸತ್ತವನ ನೋಟ

ನನ್ನ ಹಸ್ತಪ್ರತಿ ಟೈಪ್ ಮಾಡುತ್ತಿದ್ದವರು ಮುಳಬಾಗಿಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಾಬರು. ಎಲ್ಲವನ್ನೂ ಕಾರ್ಯದರ್ಶಿಯ ಕಣ್ಣಿಗೇ ತಂದು ಕೊಟ್ಟ ಮೇಲೆ ಫೋನ್ ಮಾಡಿದರು.

"ಸಾರ್, ನಿಮ್ಮ ಆಸಾಮಿ ಹದಿನೆಂಟನೇ ಅಧ್ಯಾಯದಲ್ಲಿ ಸತ್ತೋಗ್ತಾನೆ. ಇನ್ನೂ ಎರಡು ಅಧ್ಯಾಯ ಅವನೇ ನೋಡ್ತಾ ಇದಾನೆ."

ಅವರೇ ಸಮಾಧಾನ ಹೇಳಿದರು.

"ಏನೂ ಫಿಕರ್ ಬೇಡ ಸಾರ್. ನಿಮ್ಮೋರ ಲಗ್ನಪತ್ರಿಕೆಯಲ್ಲಿ ತೀರಿಕೊಂಡ ತಾತನೂ ಮದುವೆಗೆ ಕರೆಯಲ್ವಾ? ಹೆಸರಿನ ಹಿಂದೆ ದಿವಂಗತ ಅಂತ ಹಾಕಿಬಿಡ್ತೀನಿ."

ನನಗೆ ಅಷ್ಟು ಧೈರ್ಯ ಬರಲಿಲ್ಲ. ನಾಯಕನನ್ನು ಬದುಕಿಸಿದೆ. ಡಾಕ್ಟರು ಕೈಬಿಟ್ಟವನನ್ನು ದೃಷ್ಟಿಕೋನ ಉಳಿಸಿತು.

ಪ್ರಕಾಶಕರ ಎರಡು ಮಾತು

ಕೊನೆಗೂ ಹೆಡ್‌ಮಾಸ್ಟರು ಒಪ್ಪಿದರು. ಅಚ್ಚಿಗೆ ಹೋಗುವ ಮುಂಚೆ, ಪುಸ್ತಕದ ಮೊದಲಿಗೆ ತಾವು ಬರೆದ ಎರಡು ಮಾತನ್ನು ತೋರಿಸಿದರು. ಅದರಲ್ಲಿ ಹೀಗಿತ್ತು: "ಇದನ್ನು ತಿದ್ದುವಾಗ ಲೇಖಕರು, ಇಷ್ಟು ವರ್ಷ ತಮ್ಮ ಹೆಂಡತಿಯ ಮನಸ್ಸನ್ನು ಅರಿಯಲಿಲ್ಲವಲ್ಲ ಎಂದು ಒಳಗೊಳಗೇ ಪಶ್ಚಾತ್ತಾಪಪಟ್ಟರು."

ಮೇಜಿನ ಮೇಲಿದ್ದ ಅವರದೇ ಕೆಂಪು ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಬರೆದೆ: ಇದು ಯಾರ ಕಣ್ಣು?

"ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತಲ್ರೀ," ಎಂದರು.

ಆ ಮಾತು ಹಾಗೇ ಅಚ್ಚಾಯಿತು. ಪುಸ್ತಕ ಮನೆಗೆ ಬಂದ ದಿನ ಹೆಂಡತಿ ಆ ಒಂದು ಪುಟ ಓದಿ ಮುಚ್ಚಿಟ್ಟಳು.

"ಪಶ್ಚಾತ್ತಾಪ ಪಟ್ರಾ?"

"ಪಟ್ಟೆ ಕಣೇ."

"ಇಲ್ಲ," ಎಂದು ಒಳಗೆ ಹೋದಳು. "ಮುಖ ನೋಡಿದ್ರೆ ಗೊತ್ತಾಗುತ್ತೆ."